ಕೋಳಿ ಹಿಡಿದದ್ದು ಯಾವುದು? ವಿಷ ಇಡುವ ಮುನ್ನ ಸತ್ತ ಕೋಳಿಯನ್ನು ನೋಡಿ



ಕಳೆದ ಬೇಸಿಗೆಯಲ್ಲಿ ಒಂದು ಸಂಘದಲ್ಲಿ ಬರಡು ರಾಸುಗಳ ತಪಾಸಣಾ ಶಿಬಿರವಿತ್ತು. ಬೆಳಗಿನ ಹಾಲು ಅಳೆಯುವ ಹೊತ್ತಿಗೇ ನಾನು ಅಲ್ಲಿಗೆ ತಲುಪಿದ್ದೆ. ಸಾಲಿನಲ್ಲಿದ್ದ ಒಬ್ಬ ತಾಯಿಯ ಒಂದು ಕೈಯಲ್ಲಿ ಹಾಲಿನ ಕ್ಯಾನು, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಹಾಲು ಹಾಕಿ ಆದ ಮೇಲೆ ಚೀಲವನ್ನು ತಂದು ನನ್ನ ಮುಂದೆ ಬಿಚ್ಚಿದರು. ಒಳಗೆ ಒಂದು ನಾಟಿ ಹೇಂಟೆ. ತಲೆ ಇಲ್ಲ, ಕುತ್ತಿಗೆಯೂ ಅರ್ಧ ಇಲ್ಲ. ಮಿಕ್ಕ ಮೈಯೆಲ್ಲ ಇದ್ದ ಹಾಗೇ ಇದೆ.

“ನಿನ್ನೆ ಸಂಜೆ ಎಣಿಸಿ ಕೂಡಿದ್ದೆ ಡಾಕ್ಟ್ರೇ. ಬೆಳಿಗ್ಗೆ ನೋಡಿದ್ರೆ ಹಿಂಗೆ. ಮೂರು ವಾರದಲ್ಲಿ ಇದು ಐದನೇದು. ಯಾವುದು ತಿಂದಿದ್ದು ಹೇಳಿ” ಎಂದರು.

ನಾನು ಬಾಯಿ ತೆರೆಯುವ ಮೊದಲೇ ಸುತ್ತ ನಿಂತವರು ತೀರ್ಪು ಕೊಟ್ಟಾಗಿತ್ತು. ಒಬ್ಬರು ಮುಂಗುಸಿ ಎಂದರು. “ರಕ್ತ ಹೀರಿ ಬಿಟ್ಟು ಹೋಗಿದೆ ನೋಡಿ” ಎಂದು ಸಾಕ್ಷಿಯನ್ನೂ ತೋರಿಸಿದರು. ಇನ್ನೊಬ್ಬರು ಕಾಡುಬೆಕ್ಕು ಎಂದರು. ಆ ತಾಯಿಯ ಮನಸ್ಸಿನಲ್ಲಿದ್ದದ್ದು ಎರಡೂ ಅಲ್ಲ, ಪಕ್ಕದ ಮನೆಯ ನಾಯಿ. ಆ ಮನೆಯವರೊಡನೆ ಮಾತು ಬಿಟ್ಟು ಹತ್ತು ದಿನವಾಗಿತ್ತಂತೆ. ಯಜಮಾನರು ಗದ್ದೆಗೆ ಹಾಕುವ ಕೀಟನಾಶಕದ ಹರಳನ್ನು ಅನ್ನದಲ್ಲಿ ಕಲಸಿ ಬೇಲಿಯ ಬುಡದಲ್ಲಿ ಇಡಲು ಸಿದ್ಧರಾಗಿದ್ದರು. “ಇವತ್ತು ರಾತ್ರಿ ಇಡ್ತಾರಂತೆ” ಎಂದು ಆಕೆ ಮೆಲ್ಲಗೆ ಹೇಳಿದರು.

ಹಾಲಿನ ಪತ್ರಿಕೆಯಲ್ಲಿ ಕೋಳಿಯ ಮಾತೇಕೆ ಎಂದು ತಾವು ಕೇಳಬಹುದು. ನಮ್ಮ ಸದಸ್ಯರ ಮನೆಗಳಲ್ಲಿ ಹಸುವಿನ ಕೊಟ್ಟಿಗೆಯ ಪಕ್ಕದಲ್ಲೇ ನಾಲ್ಕು ಕೋಳಿ ಇರುವುದು ವಾಡಿಕೆ. ಹಾಲಿನ ಬಟವಾಡೆ ಯಾರ ಕೈಗೆ ಹೋದರೂ ಮೊಟ್ಟೆಯ ಕಾಸು ಮಾತ್ರ ಹೆಂಗಸರ ಸೆರಗಿನ ಗಂಟಿನಲ್ಲಿ ಉಳಿಯುತ್ತದೆ. ಅದು ಒಂದು ಕಾರಣ. ಇನ್ನೊಂದು ಕಾರಣ, ಕೋಳಿ ಹಿಡಿಯುವ ಪ್ರಾಣಿಗೆಂದು ಇಟ್ಟ ವಿಷ ಸುತ್ತಿ ಬಳಸಿ ಕೊಟ್ಟಿಗೆಗೇ ಬರುತ್ತದೆ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಒಂದು ಬಕೆಟ್ಟಿನ ಕಥೆ

ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯಿಂದ ಮಧ್ಯಾಹ್ನದ ಹೊತ್ತಿಗೆ ತುರ್ತು ಕರೆ ಬಂತು. ಹೋಗಿ ನೋಡಿದರೆ ಎರಡನೇ ಸೂಲಿನ ಮಿಶ್ರತಳಿ ಹಸು ಜೊಲ್ಲು ಸುರಿಸುತ್ತ ನಿಂತಿದೆ. ಕಣ್ಣಲ್ಲಿ ನೀರು, ಮೈಯೆಲ್ಲ ನಡುಕ, ಪದೇ ಪದೇ ತೆಳ್ಳಗೆ ಸಗಣಿ. ಕಣ್ಣುಗುಡ್ಡೆಯ ಪಾಪೆ ಸೂಜಿಯ ಮೊನೆಯಷ್ಟು ಕಿರಿದಾಗಿತ್ತು. ಮನೆಯವರು ಹಾವು ಕಚ್ಚಿದೆ ಎಂದುಕೊಂಡಿದ್ದರು. ಕೆದಕಿ ಕೇಳಿದ ಮೇಲೆ ವಿಷಯ ಹೊರಬಿತ್ತು. ಹಿಂದಿನ ರಾತ್ರಿ ಮುಂಗುಸಿಗೆಂದು ಕೀಟನಾಶಕದ ಹರಳನ್ನು ಕೋಳಿಯ ಕರುಳಿನೊಂದಿಗೆ ಒಂದು ಬಕೆಟ್ಟಿನಲ್ಲಿ ಕಲಸಿದ್ದರು. ಬೆಳಿಗ್ಗೆ ಸೊಸೆ ಅದೇ ಬಕೆಟ್ಟನ್ನು ನೀರಿನಲ್ಲಿ ಒಂದು ಸಲ ಅಲುಬಿ ಹಿಂಡಿ ನೆನೆಹಾಕಿದ್ದಾಳೆ. ಬಕೆಟ್ಟಿನ ವಿಚಾರ ಆಕೆಗೆ ಯಾರೂ ಹೇಳಿರಲಿಲ್ಲ.

ಅಟ್ರೋಪಿನ್ ಚುಚ್ಚುಮದ್ದು ಕೈಯಲ್ಲಿತ್ತು, ಹೊತ್ತು ಮೀರಿರಲಿಲ್ಲ, ಹಸು ಉಳಿಯಿತು. ಆದರೆ ಅದರ ಹಾಲನ್ನು ಹಲವು ದಿನ ಕರೆದು ಚೆಲ್ಲಬೇಕಾಯಿತು. ವಿಷ ತಿಂದ ರಾಸಿನ ಹಾಲನ್ನು ಸಂಘಕ್ಕೂ ಹಾಕಬಾರದು, ಮನೆಯಲ್ಲೂ ಬಳಸಬಾರದು, ಕರುವಿಗೂ ಬಿಡಬಾರದು. ಇನ್ನು ಯಾವ ಮುಂಗುಸಿಗಾಗಿ ಇಷ್ಟೆಲ್ಲ ನಡೆಯಿತೋ ಅದು ಆ ವಿಷವನ್ನು ಮೂಸಿಯೂ ನೋಡಿರಲಿಲ್ಲ. ಆ ಮನೆಯ ಕೋಳಿಮರಿಗಳನ್ನು ಒಯ್ಯುತ್ತಿದ್ದದ್ದು ಹೆಗ್ಗಣ. ಕೊಟ್ಟಿಗೆಯ ಗೋಡೆಯ ಬುಡದಲ್ಲಿ ಬಿಲವನ್ನು ಅಗೆದಾಗ ಒಳಗೆ ನಾಲ್ಕು ಮರಿಗಳನ್ನು ತುರುಕಿಟ್ಟಿತ್ತು.

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಎಂಬ ಗಾದೆ ನಮಗೆಲ್ಲ ಗೊತ್ತು. ಕೋಳಿಯ ವಿಚಾರದಲ್ಲಿ ಒರೆಸುವ ಕೆಲಸವನ್ನು ನಾವೇ ಮಾಡುತ್ತೇವೆ. ಸತ್ತ ಕೋಳಿಯನ್ನು ಐದು ನಿಮಿಷ ನೋಡಿದರೆ ಹಿಡಿದದ್ದು ಯಾವುದೆಂದು ಬಹುಪಾಲು ತಿಳಿಯುತ್ತದೆ. ಹಿಡಿದದ್ದು ತಿಳಿದರೆ ಯಾವ ಕಂಡಿ ಮುಚ್ಚಬೇಕೆಂಬುದೂ ತಿಳಿಯುತ್ತದೆ.

ಕೊಂದದ್ದೋ, ಸತ್ತದ್ದೋ?

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ರೋಗದಿಂದ ರಾತ್ರಿ ಸತ್ತು ಬಿದ್ದ ಕೋಳಿಯನ್ನು ಬೆಳಗಾಗುವುದರೊಳಗೆ ಹೆಗ್ಗಣ ಕಡಿದಿರುತ್ತದೆ, ಕಾಗೆ ಕಣ್ಣು ಕಿತ್ತಿರುತ್ತದೆ, ನಾಯಿ ಎಳೆದಾಡಿರುತ್ತದೆ. ನೋಡಿದವರು ನಾಯಿಯೇ ಕೊಂದಿತು ಎನ್ನುತ್ತಾರೆ.

ಗಾಯದ ಹತ್ತಿರ ಪುಕ್ಕ ಸರಿಸಿ, ಚರ್ಮವನ್ನು ಬ್ಲೇಡಿನಿಂದ ಸ್ವಲ್ಪ ಸೀಳಿ ನೋಡಿ. ಜೀವ ಇದ್ದಾಗ ಕಚ್ಚಿದ್ದರೆ ಚರ್ಮದ ಕೆಳಗೆ ರಕ್ತ ಹೆಪ್ಪುಗಟ್ಟಿ ಕಪ್ಪಗೆ, ನೀಲಿಗೆ ಕಂದಿರುತ್ತದೆ. ಸತ್ತ ಮೇಲೆ ಕಡಿದಿದ್ದರೆ ಹಾಗೆ ಕಂದುವುದಿಲ್ಲ, ಗಾಯದ ಅಂಚು ಬಿಳಿಚಿಕೊಂಡು ಒಣಗಿದಂತಿರುತ್ತದೆ. ಎರಡನೆಯದಾದರೆ ಕಳ್ಳನನ್ನು ಹುಡುಕುವುದು ಬಿಟ್ಟು ಉಳಿದ ಕೋಳಿಗಳನ್ನು ಗಮನಿಸಿ. ಹಸಿರು ಬಣ್ಣದ ಹಿಕ್ಕೆ, ಬಾಯಿ ತೆರೆದು ಏದುಸಿರು, ಕುತ್ತಿಗೆ ತಿರುಚಿಕೊಳ್ಳುವುದು, ಎರಡು ಮೂರು ದಿನದಲ್ಲಿ ಒಂದರ ಹಿಂದೆ ಒಂದು ಸಾಯುವುದು ಕಂಡರೆ ಅದು ಕೊಕ್ಕರೆ ರೋಗ ಇರಬಹುದು. ಮೊದಲ ವಾರದಲ್ಲೊಮ್ಮೆ, ಎರಡು ತಿಂಗಳ ಆಸುಪಾಸಿನಲ್ಲೊಮ್ಮೆ ಲಸಿಕೆ ಹಾಕಿಸಿದ ಕೋಳಿಗೆ ಈ ಭಯ ಕಡಿಮೆ.

ಒಟ್ಟೊಟ್ಟಿಗೆ ಬಹಳ ಕೋಳಿ ಸತ್ತರೆ, ಜೊತೆಗೆ ಸುತ್ತಮುತ್ತ ಕಾಗೆ ಕೊಕ್ಕರೆಗಳೂ ಸತ್ತು ಬೀಳುತ್ತಿದ್ದರೆ, ಬರಿಗೈಯಲ್ಲಿ ಮುಟ್ಟಬೇಡಿ. ಹಕ್ಕಿಜ್ವರ ನಮ್ಮ ದೇಶದಲ್ಲಿ ಮೊದಲು ಕಾಣಿಸಿದ್ದು 2006ರಲ್ಲಿ. 2012ರಲ್ಲಿ ಬೆಂಗಳೂರಿನ ಪಕ್ಕದ ಹೆಸರಘಟ್ಟದ ಸರ್ಕಾರಿ ಕೋಳಿ ಕೇಂದ್ರಕ್ಕೂ ಅದು ಬಂದಿತ್ತು. ಇಂಥ ಸಂದರ್ಭದಲ್ಲಿ ಸತ್ತ ಕೋಳಿಯನ್ನು ಹಾಲಿನ ಕೇಂದ್ರಕ್ಕೆ ಹೊತ್ತು ತರಬೇಡಿ, ಪಶು ಆಸ್ಪತ್ರೆಗೆ ಫೋನು ಮಾಡಿ.

ಇನ್ನೊಂದು ಮೋಸವಿದೆ. ಕೋಳಿಯ ಹಿಂಭಾಗದಲ್ಲಿ ತೂತು, ಅಲ್ಲಿಂದ ಕರುಳು ಹೊರಗೆ, ಮಿಕ್ಕ ಮೈಗೆ ಏನೂ ಆಗಿಲ್ಲ. ನೋಡಿದವರೆಲ್ಲ ಮುಂಗುಸಿಯ ಹೆಸರು ಹೇಳುತ್ತಾರೆ. ಆದರೆ ಹಗಲಿನಲ್ಲಿ, ಬೇರೆ ಕೋಳಿಗಳ ನಡುವೆಯೇ ಹೀಗಾಗಿದ್ದರೆ ಕೊಂದದ್ದು ಜೊತೆಯ ಕೋಳಿಗಳೇ ಇರಬಹುದು. ಇಕ್ಕಟ್ಟು, ಬಿಸಿಲಿನ ಝಳ, ಮೇವಿನಲ್ಲಿ ಉಪ್ಪು ಮತ್ತು ಸಸಾರಜನಕದ ಕೊರತೆ ಇದ್ದಾಗ ಕೋಳಿಗಳು ಒಂದನ್ನೊಂದು ಕುಕ್ಕುತ್ತವೆ. ಮೊಟ್ಟೆ ಇಡುವಾಗ ಗುದದ್ವಾರ ಹೊರಬಂದು ಕೆಂಪಗೆ ಕಂಡರೆ ಸಾಕು, ಉಳಿದವು ಬಿಡುವುದಿಲ್ಲ. ಇದಕ್ಕೆ ಬೋನು ಇಟ್ಟು ಪ್ರಯೋಜನವಿಲ್ಲ, ಜಾಗ ಮತ್ತು ಮೇವು ಸರಿಪಡಿಸಬೇಕು.

ಹಗಲೋ, ರಾತ್ರಿಯೋ?

ಎಷ್ಟು ಹೊತ್ತಿಗೆ ಆಯಿತು ಎಂಬುದರಲ್ಲೇ ಅರ್ಧ ಉತ್ತರ ಇದೆ. ಸಂಜೆ ಕೂಡುವಾಗ, ಬೆಳಿಗ್ಗೆ ಬಿಡುವಾಗ ಎಣಿಸುವ ಅಭ್ಯಾಸ ಇಟ್ಟುಕೊಂಡರೆ ಇದು ತಾನಾಗಿ ತಿಳಿಯುತ್ತದೆ. ಎಣಿಸದ ಮನೆಯಲ್ಲಿ ಕೋಳಿ ಹೋದದ್ದು ಮೂರು ದಿನದ ಮೇಲೆ ಗೊತ್ತಾಗುತ್ತದೆ. ಆಗ ಯಾರನ್ನು ಕೇಳುವುದು?

ನಮ್ಮ ಹಿತ್ತಿಲಲ್ಲಿ ಓಡಾಡುವ ಬೂದು ಮುಂಗುಸಿ ಹಗಲು ತಿರುಗುವ ಪ್ರಾಣಿ, ರಾತ್ರಿ ಬಿಲದಲ್ಲಿ ಮಲಗುತ್ತದೆ. ಹದ್ದು, ಬಿಜ್ಜು, ಕಾಗೆ, ಉಡ ಇವೂ ಹಗಲಿನವು. ಕಬ್ಬೆಕ್ಕು, ಪುನುಗಿನ ಬೆಕ್ಕು, ಹೆಗ್ಗಣ, ಗೂಬೆ ಇವು ರಾತ್ರಿಯವು. ಕಾಡುಬೆಕ್ಕು ಮತ್ತು ನರಿ ಮುಖ್ಯವಾಗಿ ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಬರುತ್ತವೆ. ಜನ ಇಲ್ಲದ ಕಡೆ ಹಗಲೂ ಬರುವುದುಂಟು. ನಾಯಿಗೆ ಹೊತ್ತು ಗೊತ್ತು ಎಂಬುದಿಲ್ಲ. ಆದ್ದರಿಂದ ಮಧ್ಯರಾತ್ರಿ ಗೂಡಿನಲ್ಲಿ ಕೋಳಿ ಸತ್ತರೆ ಮುಂಗುಸಿಯ ಹೆಸರು ಪಟ್ಟಿಯಿಂದ ತೆಗೆದುಬಿಡಬಹುದು. ನಮ್ಮಲ್ಲಿ ಎಲ್ಲಕ್ಕೂ ಮೊದಲು ಬೈಗುಳ ಬೀಳುವುದು ಅದಕ್ಕೇ ಆದ್ದರಿಂದ ಈ ಮಾತು ಹೇಳಬೇಕಾಯಿತು.

ಏನು ಉಳಿದಿದೆ, ಏನು ಹೋಗಿದೆ?

ಏನೂ ಉಳಿದಿಲ್ಲ, ನಾಲ್ಕು ಪುಕ್ಕ ಮಾತ್ರ ಬೇಲಿಯ ಕಡೆಗೆ ಸಾಲಾಗಿ ಬಿದ್ದಿವೆ ಎಂದರೆ ಹೊತ್ತೊಯ್ಯುವಷ್ಟು ಬಲ ಇರುವ ಪ್ರಾಣಿ: ನರಿ ಅಥವಾ ಕಾಡುಬೆಕ್ಕು. ಪುಕ್ಕ ಬಿದ್ದ ಜಾಡು ಹಿಡಿದು ನೂರು ಮಾರು ನಡೆದರೆ ಕಬ್ಬಿನ ಗದ್ದೆಯ ಅಂಚಿನಲ್ಲೋ ಲಂಟಾನದ ಮೆಳೆಯಲ್ಲೋ ರಾಶಿ ಪುಕ್ಕ, ಎರಡು ಕಾಲು ಸಿಗುತ್ತವೆ. ಒಂದು ಪುಕ್ಕವೂ ಇಲ್ಲ, ಗೂಡಿನ ಬಾಗಿಲು ಹಾಕಿದ್ದ ಹಾಗೇ ಇದೆ, ಒಂದೇ ಸಲ ನಾಲ್ಕು ಹೋಗಿವೆ ಎಂದರೆ ಆ ಪ್ರಾಣಿಗೆ ಎರಡೇ ಕಾಲು. ಮಾರಮ್ಮನ ಹಬ್ಬದ ಹಿಂದು ಮುಂದು ಇದು ಹೆಚ್ಚು.

ಬಹಳ ಕೋಳಿ ಸತ್ತಿವೆ, ಅಂಗಳದ ತುಂಬ ಅಲ್ಲಲ್ಲಿ ಬಿದ್ದಿವೆ, ಒಂದನ್ನೂ ಸರಿಯಾಗಿ ತಿಂದಿಲ್ಲ, ಪುಕ್ಕ ಜೊಲ್ಲಿನಿಂದ ಒದ್ದೆಯಾಗಿ ಅಂಟಿಕೊಂಡಿದೆ, ಬೆನ್ನು ಪಕ್ಕೆ ತೊಡೆ ಎಲ್ಲೆಂದರಲ್ಲಿ ಕಚ್ಚಿದ ಗುರುತು. ಇದು ನಾಯಿಯ ಕೆಲಸ. ನಾಯಿ ಹಸಿವಿಗಿಂತ ಹೆಚ್ಚಾಗಿ ಆಟಕ್ಕೆ ಕೊಲ್ಲುತ್ತದೆ. ಕೋಳಿ ಓಡಿದಷ್ಟೂ ಅದಕ್ಕೆ ಹುರುಪು. ಬಾಗಿಲ ಕೆಳಗೆ ಮಣ್ಣು ಕೆರೆದಿರುತ್ತದೆ, ತಂತಿ ಬಗ್ಗಿರುತ್ತದೆ.

ಕತ್ತಿನ ಹಿಂಬದಿಯಲ್ಲಿ, ತಲೆಬುರುಡೆಯ ಬುಡದಲ್ಲಿ ಸಣ್ಣ ಹಲ್ಲಿನ ಗುರುತು ಒಂದರ ಪಕ್ಕ ಒಂದು ಇದ್ದರೆ, ಹಗಲಾದರೆ ಮುಂಗುಸಿ, ರಾತ್ರಿಯಾದರೆ ಪುನುಗಿನ ಬೆಕ್ಕಿನ ಜಾತಿ. ಗೂಡಿನೊಳಗೆ ನುಗ್ಗಿದ ಇಂಥ ಪ್ರಾಣಿ ಒಂದನ್ನು ತಿಂದು ಎರಡು ಮೂರನ್ನು ಕೊಂದು ಬಿಡುವುದುಂಟು. ಕೋಳಿಗಳು ಗಾಬರಿಯಿಂದ ಬಡಿದಾಡುವಾಗ ಅದು ಕಚ್ಚುತ್ತಲೇ ಇರುತ್ತದೆ. “ರಕ್ತ ಹೀರಿದೆ” ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ನೀವು ಕೋಳಿ ಕೊಯ್ಯುವಾಗ ರಕ್ತ ಹರಿಯುವುದು ರಕ್ತನಾಳ ತುಂಡಾಗಿ, ಗುಂಡಿಗೆ ಇನ್ನೂ ಬಡಿಯುತ್ತಿರುವುದರಿಂದ. ಕತ್ತು ಮುರಿದು ಸತ್ತ ಕೋಳಿಯ ರಕ್ತ ಒಳಗೇ ನಿಂತು ಹೆಪ್ಪುಗಟ್ಟುತ್ತದೆ. ಹೊರಗೆ ರಕ್ತ ಕಾಣದಿದ್ದರೆ ಹೀರಿತು ಎಂದು ಅರ್ಥವಲ್ಲ. ಎದೆ ಸೀಳಿ ನೋಡಿದರೆ ರಕ್ತ ಅಲ್ಲೇ ಇರುತ್ತದೆ.

ತಲೆ ಮಾತ್ರ ಇಲ್ಲದ ಕೋಳಿ ಎಲ್ಲಕ್ಕಿಂತ ಹೆಚ್ಚು ಗೊಂದಲ ಮಾಡುತ್ತದೆ. ಇಲ್ಲಿ ಹೆಣ ಬಿದ್ದ ಜಾಗ ನೋಡಬೇಕು. ಕೋಳಿ ಮರದ ಮೇಲೆ, ಚಪ್ಪರದ ಮೇಲೆ ಮಲಗುವಂಥದ್ದಾಗಿ, ಕೆಳಗೆ ತಲೆ ಇಲ್ಲದೆ ಬಿದ್ದಿದ್ದರೆ ಕೊಂಬಿನ ಗೂಬೆಯಂಥ ದೊಡ್ಡ ಗೂಬೆ ಇರಬಹುದು. ಹಾಲಕ್ಕಿಯನ್ನು ಇದರಲ್ಲಿ ಸೇರಿಸಬೇಡಿ. ಅದು ಹುಳ ಹುಪ್ಪಟೆ, ಇಲಿಮರಿ ತಿಂದುಕೊಂಡಿರುವ ಅಂಗೈಯಗಲದ ಹಕ್ಕಿ. ಕೋಳಿ ಗೂಡಿನೊಳಗೆ, ಅದೂ ದಬ್ಬೆಯ ಕಂಡಿಯ ಪಕ್ಕದಲ್ಲೇ ಬಿದ್ದಿದ್ದು ತಲೆ ಮಾತ್ರ ಹೋಗಿದ್ದರೆ, ಹಿಡಿದದ್ದು ಒಳಗೆ ಬಂದೇ ಇಲ್ಲ. ಕತ್ತಲಲ್ಲಿ ಹೊರಗೆ ಸದ್ದಾದಾಗ ಕೋಳಿ ಕಂಡಿಯಿಂದ ತಲೆ ಹೊರಗೆ ಹಾಕುತ್ತದೆ, ಅಲ್ಲೇ ಸಿಕ್ಕಿಬೀಳುತ್ತದೆ. ಹೊರಗಿನಿಂದ ಎಳೆದದ್ದಕ್ಕೆ ಮೈ ಕಂಡಿಯಲ್ಲಿ ತೂರುವುದಿಲ್ಲ, ತಲೆ ಕಿತ್ತು ಬರುತ್ತದೆ. ಬೆಕ್ಕಿನ ಜಾತಿ, ಪುನುಗಿನ ಜಾತಿ ಎರಡೂ ಹೀಗೆ ಮಾಡುತ್ತವೆ.

ಪುಕ್ಕವನ್ನೂ ಕೈಗೆತ್ತಿಕೊಂಡು ನೋಡಿ. ಹಕ್ಕಿ ಕಿತ್ತ ಗರಿ ಬುಡಸಮೇತ ಬಂದಿರುತ್ತದೆ, ದಂಟು ಮುರಿದಿರುವುದಿಲ್ಲ. ಒಂದೇ ಕಡೆ ಸುತ್ತಲೂ ಉದುರಿ ಉಂಗುರದಂತೆ ಬಿದ್ದಿರುತ್ತದೆ, ಪಕ್ಕದಲ್ಲಿ ಸುಣ್ಣದ ನೀರು ಚೆಲ್ಲಿದಂತೆ ಬಿಳಿ ಹಿಕ್ಕೆ ಇರುತ್ತದೆ. ನಾಲ್ಕು ಕಾಲಿನ ಪ್ರಾಣಿ ಕಿತ್ತ ಗರಿ ಅಗಿದು ಮುರಿದಿರುತ್ತದೆ.

ಇನ್ನು ಗಾಯವೇ ಇಲ್ಲದೆ ಸತ್ತ ಕೋಳಿ. ತಲೆ, ಕುತ್ತಿಗೆ, ಹೆಗಲಿನವರೆಗೆ ಪುಕ್ಕ ಎಣ್ಣೆ ಹಚ್ಚಿ ನೀವಿದಂತೆ ಒಂದೇ ಕಡೆಗೆ ಒದ್ದೆಯಾಗಿ ಮಲಗಿದ್ದರೆ ಹಾವು ನುಂಗಲು ನೋಡಿ, ಆಗದೆ ಉಗುಳಿ ಹೋಗಿದೆ ಎಂದು ತಿಳಿಯಿರಿ. ಕಾವು ಕೂತ ಹೇಂಟೆ ಮೊಟ್ಟೆಯ ಮೇಲೇ ಸತ್ತಿದ್ದು, ಮೊಟ್ಟೆಗಳು ಕಡಿಮೆಯಾಗಿದ್ದರೆ ನಾಗರಹಾವಿನ ಮೇಲೆ ಅನುಮಾನ ಪಡಬೇಕು. ಆಗ ಬುಟ್ಟಿಯೊಳಗೆ, ಹುಲ್ಲಿನೊಳಗೆ ಕೈ ಹಾಕಬೇಡಿ. ಉದ್ದನೆಯ ಕೋಲಿನಿಂದ ಹುಲ್ಲು ಸರಿಸಿ, ಹಾವು ಹಿಡಿದು ಬಿಡುವವರು ಹತ್ತಿರದಲ್ಲಿದ್ದರೆ ಕರೆಸಿ.

ಮೊಟ್ಟೆ ಮತ್ತು ಮರಿ

ಮೊಟ್ಟೆ ಚಿಪ್ಪು ಸಮೇತ ಮಾಯವಾದರೆ ಹಾವು ಅಥವಾ ಉಡ. ಉಡವಾದರೆ ಧೂಳಿನಲ್ಲಿ ಬಾಲ ಎಳೆದ ಗೆರೆ, ಅದರ ಎರಡು ಪಕ್ಕ ಉಗುರಿನ ಗುರುತು ಇರುತ್ತದೆ. ಹಾವಾದರೆ ಕಾಲಿನ ಗುರುತಿಲ್ಲದ ಬರೀ ಗೆರೆ. ಚಿಪ್ಪಿನ ಒಂದು ತುದಿ ಒಡೆದು ಒಳಗಿನದನ್ನು ನೆಕ್ಕಿದ್ದರೆ ಮುಂಗುಸಿ. ಚಿಪ್ಪಿನಲ್ಲಿ ಕೊಕ್ಕಿನ ತೂತು ಇದ್ದರೆ ಕಾಗೆ, ಇಲ್ಲವೆ ನಾವು ಸಾಂಬಾರ ಕಾಗೆ ಎನ್ನುವ ಕೆಂಬೂತ. ಮನೆಯ ಕೋಳಿಯೇ ಮೊಟ್ಟೆ ಕುಡಿಯುವ ಚಟ ಕಲಿತಿರಬಹುದು. ಕೊಕ್ಕಿನ ಮೇಲೆ ಒಣಗಿದ ಹಳದಿ ಇದೆಯೇ ನೋಡಿ.

ಮರಿಗಳು ಹಗಲಲ್ಲಿ ಒಂದೊಂದಾಗಿ ಕಡಿಮೆಯಾಗುತ್ತಿದ್ದರೆ ಆಕಾಶದ ಕಡೆ ನೋಡಬೇಕು. ಹದ್ದು ಹಾರಿಕೊಂಡೇ ಎರಗಿ ಎತ್ತುತ್ತದೆ. ಬಿಜ್ಜು ಮರದ ಎಲೆಯ ಮರೆಯಲ್ಲಿ ಕೂತು, ತಾಯಿಕೋಳಿ ಮರಿಗಳನ್ನು ಬಯಲಿಗೆ ಕರೆತರುವವರೆಗೂ ಕಾಯುತ್ತದೆ. ರಾತ್ರಿ ಮರಿ ಹೋದರೆ, ಗೂಡಿನ ಸುತ್ತ ಹೊಸ ಮಣ್ಣು ಹೊರಗೆ ಬಿದ್ದಿದ್ದರೆ ಹೆಗ್ಗಣ. ಕಾವು ಕೂತ ಹೇಂಟೆಯ ಕಾಲ್ಬೆರಳನ್ನೂ ಅದು ಕಡಿಯುತ್ತದೆ. ಕೋಳಿಗೆ ಹಾಕಿದ ಕಾಳು, ರಾಸಿಗೆ ಹಾಕಿದ ಬೂಸಾ ರಾತ್ರಿಯೆಲ್ಲ ಬಿದ್ದಿರುವ ಕಡೆ ಹೆಗ್ಗಣ ಸೇರುತ್ತದೆ, ಹೆಗ್ಗಣದ ಹಿಂದೆ ಕೆರೆಹಾವೂ ನಾಗರಹಾವೂ ಬರುತ್ತವೆ. ಕೆರೆಹಾವು ಅಪರೂಪಕ್ಕೆ ಒಂದು ಮರಿ ತಿಂದರೂ ಅದು ಕೊಲ್ಲುವ ಇಲಿಗಳ ಲೆಕ್ಕ ಹಾಕಿದರೆ ನನ್ನ ದೃಷ್ಟಿಯಲ್ಲಿ ಅದು ರೈತನ ಜೀತದಾಳು. ಅದನ್ನು ಹೊಡೆದು ಹಾಕಿದ ವರ್ಷ ಬೂಸಾ ಚೀಲಕ್ಕೆ ಬಿದ್ದ ತೂತುಗಳನ್ನು ಎಣಿಸಿ ನೋಡಿ.

ಬೂದಿಯ ಸಾಕ್ಷಿ

ಹೆಣ ನೋಡಿಯೂ ಅನುಮಾನ ಉಳಿದರೆ, ಖರ್ಚಿಲ್ಲದ ಉಪಾಯ ಒಂದಿದೆ. ಒಲೆಯ ಬೂದಿಯನ್ನೋ ನುಣ್ಣನೆಯ ಮಣ್ಣನ್ನೋ ಜರಡಿ ಹಿಡಿದು, ಸಂಜೆ ಕೋಳಿ ಕೂಡಿದ ಮೇಲೆ ಗೂಡಿನ ಸುತ್ತ ಎರಡಡಿ ಅಗಲಕ್ಕೆ ತೆಳ್ಳಗೆ ಉದುರಿಸಿ. ಬೆಳಿಗ್ಗೆ ಕಸ ಗುಡಿಸುವ ಮೊದಲು ನೋಡಿ. ದುಂಡಗಿನ ಹೆಜ್ಜೆ, ನಾಲ್ಕು ಬೆರಳು, ಉಗುರಿನ ಗುರುತು ಇಲ್ಲ ಎಂದರೆ ಬೆಕ್ಕು. ಮನೆ ಬೆಕ್ಕಿಗಿಂತ ಕಾಡುಬೆಕ್ಕಿನ ಹೆಜ್ಜೆ ದೊಡ್ಡದು. ಉದ್ದನೆಯ ಹೆಜ್ಜೆ, ನಾಲ್ಕು ಬೆರಳು, ಉಗುರು ಮೂಡಿದೆ ಎಂದರೆ ನಾಯಿ ಅಥವಾ ನರಿ. ಐದು ಬೆರಳು ಮೂಡಿದ್ದರೆ ಮುಂಗುಸಿ ಅಥವಾ ಪುನುಗಿನ ಜಾತಿ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಹೆಜ್ಜೆಯ ಪಕ್ಕ ಒಂದು ಬೆಂಕಿಪೊಟ್ಟಣ ಇಟ್ಟು ಫೋಟೋ ತೆಗೆದರೆ ಅಳತೆಯೂ ಸಿಗುತ್ತದೆ. ಗೂಡಿನ ತಂತಿಗೆ, ದಬ್ಬೆಯ ಸಿಬಿರಿಗೆ ಸಿಕ್ಕಿಕೊಂಡ ಕೂದಲನ್ನೂ ಬಿಡಬೇಡಿ.

ಬೆಕ್ಕಿನ ಹೆಜ್ಜೆಯಂತೆಯೇ ಇದ್ದು ಅಂಗೈಯಷ್ಟು ಅಗಲವಾಗಿದ್ದರೆ, ಅದರಲ್ಲೂ ಇತ್ತೀಚೆಗೆ ಊರ ನಾಯಿಗಳು ಕಾಣೆಯಾಗುತ್ತಿದ್ದರೆ, ಅದು ಚಿರತೆ. ಮಂಡ್ಯ, ಮೈಸೂರು, ತುಮಕೂರು ಕಡೆ ಕಬ್ಬಿನ ಗದ್ದೆ, ಕುರುಚಲು ಗುಡ್ಡಗಳಲ್ಲಿ ಅದು ಇರುವುದು ಹೊಸ ಸಂಗತಿಯೇನಲ್ಲ. ಕೋಳಿಯ ಚಿಂತೆ ಬಿಟ್ಟು ಕರುವನ್ನು ಬಾಗಿಲು ಇರುವ ಕೊಟ್ಟಿಗೆಗೆ ಕಟ್ಟಿ, ಅರಣ್ಯ ಇಲಾಖೆಗೆ ತಿಳಿಸಿ. ಕರು, ಕುರಿ ಸತ್ತಿದ್ದರೆ ಇಲಾಖೆಯವರು ನೋಡುವವರೆಗೆ ಹೆಣವನ್ನು ಕದಲಿಸಬೇಡಿ.

ನಾಯಿ, ನರಿ, ಮುಂಗುಸಿ ಯಾವುದೇ ಇರಲಿ, ಜನರಿಗೆ ಹೆದರದೆ, ತೂರಾಡುತ್ತ, ಜೊಲ್ಲು ಸುರಿಸುತ್ತ ಬಂದು ಕೋಳಿಯನ್ನೂ ಕಚ್ಚಿ ರಾಸನ್ನೂ ಕಚ್ಚಿತು ಎಂದರೆ ಹುಚ್ಚುರೋಗದ ಅನುಮಾನ ಪಡಲೇಬೇಕು. ರಾಸಿನ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು, ಅದೇ ದಿನ ಪಶುವೈದ್ಯರನ್ನು ಕರೆಸಿ. ತೊಳೆಯುವವರು ಕೈಗೆ ಕವರು ಕಟ್ಟಿಕೊಳ್ಳಿ. ಮನುಷ್ಯರಿಗೆ ಕಚ್ಚಿದ್ದರೆ, ಪರಚಿದ್ದರೆ ಸಹ ಹೀಗೆಯೇ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ.

ಕಂಡಿ ಮುಚ್ಚುವುದು

ಮುಂಗುಸಿ, ಉಡ, ಕಾಡುಬೆಕ್ಕು, ಪುನುಗಿನ ಬೆಕ್ಕು, ನರಿ, ಬಿಜ್ಜು ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. 2022ರಲ್ಲಿ ಆ ಕಾಯಿದೆಗೆ ತಿದ್ದುಪಡಿಯೂ ಆಗಿದೆ. ಕೊಂದರೆ ಮೊಕದ್ದಮೆ. ನಾಯಿಗೆ ವಿಷ ಹಾಕುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಕಾನೂನಿನ ಮಾತು ಹಾಗಿರಲಿ, ಒಂದು ಮುಂಗುಸಿ ಸತ್ತರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ. ಗೂಡಿನ ಕಂಡಿ ಅಲ್ಲೇ ಇರುತ್ತದಲ್ಲ!

ಅಂಗಡಿಯಲ್ಲಿ ಕೋಳಿ ಜಾಲರಿ ಎಂದು ಕೊಡುವ ಆರು ಮೂಲೆಯ ಕಣ್ಣಿನ ತೆಳು ತಂತಿ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ ಅಷ್ಟೆ. ನಾಯಿ ಅದನ್ನು ಹರಿಯುತ್ತದೆ, ಮುಂಗುಸಿಯ ಮರಿ ತೂರುತ್ತದೆ. ಬೆಸುಗೆ ಹಾಕಿದ ಅರ್ಧ ಇಂಚು ಕಣ್ಣಿನ ಜಾಲರಿ ಬೇಕು. ಇಡೀ ಗೂಡಿಗೆ ಹೊಡೆಯುವ ಶಕ್ತಿ ಇಲ್ಲದಿದ್ದರೆ ಕೆಳಗಿನ ಎರಡಡಿಗೆ ಹೊಡೆದರೂ ಬಹಳಷ್ಟು ಕೆಲಸ ಆಗುತ್ತದೆ. ನೆಲದ ಮೇಲಿನ ಗೂಡಾದರೆ ಜಾಲರಿಯನ್ನು ಒಂದಡಿ ಆಳಕ್ಕೆ ಹೂಳಿ, ಇಲ್ಲವೆ ಹೊರಗಡೆಗೆ ಒಂದಡಿ ನೆಲದ ಮೇಲೆ ಹಾಸಿ ಕಲ್ಲು ಹೇರಿ. ಗೂಡನ್ನು ಎರಡಡಿ ಕಾಲಿನ ಮೇಲೆ ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಹೆಗ್ಗಣ ಕೆಳಗೆ ಬಿಲ ಮಾಡಿದರೂ ಕಣ್ಣಿಗೆ ಬೀಳುತ್ತದೆ. ಬಾಗಿಲಿಗೆ ದಾರ ಸುತ್ತುವುದನ್ನು ಬಿಟ್ಟು ಚಿಲಕ ಹಾಕಿಸಿ. ಮೇಲೆ ಹೆಂಚು ಸರಿದಿದ್ದರೆ ಕಬ್ಬೆಕ್ಕಿಗೆ ಅದೇ ಬಾಗಿಲು.

ಮರಿಗಳಿಗೆ ಮೊದಲ ಆರು ವಾರ ಹಗಲೂ ಮಂಕರಿ ಕವುಚಿದರೆ, ಅಥವಾ ಹಳೆಯ ಸೀರೆಯನ್ನೋ ಮೀನಿನ ಬಲೆಯನ್ನೋ ಮೇಲೆ ಕಟ್ಟಿದರೆ ಹದ್ದಿನ ಕಾಟ ಕಡಿಮೆ. ಅಚ್ಚ ಬಿಳಿಯ ಕೋಳಿಗಿಂತ ಗಿರಿರಾಜದಂಥ ಬಣ್ಣದ ಕೋಳಿ, ನಾಟಿ ಕೋಳಿ ಹುಲ್ಲಿನಲ್ಲಿ ಬೇಗ ಕಣ್ಣಿಗೆ ಬೀಳುವುದಿಲ್ಲ. ಸತ್ತ ಕೋಳಿಯನ್ನು ಬೇಲಿಯಾಚೆ ಎಸೆಯಬೇಡಿ, ಮೂರಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿ. ಎಸೆದರೆ ಊರ ನಾಯಿಗಳಿಗೆ ನಾವೇ ರುಚಿ ತೋರಿಸಿದಂತೆ.

ಆ ತಾಯಿಯ ಮನೆಗೆ ಶಿಬಿರ ಮುಗಿದ ಮೇಲೆ ಹೋದೆ. ಗೂಡು ಕೊಟ್ಟಿಗೆಯ ಗೋಡೆಗೆ ಒರಗಿಸಿದ ಬಿದಿರು ದಬ್ಬೆಯದು. ದಬ್ಬೆಗಳ ನಡುವೆ ನನ್ನ ಮೂರು ಬೆರಳು ಸಲೀಸಾಗಿ ಹೋದವು. ಐದು ಕೋಳಿಗಳೂ ಸತ್ತದ್ದು ರಾತ್ರಿ, ಐದಕ್ಕೂ ಹೋದದ್ದು ತಲೆ, ಐದೂ ಬಿದ್ದಿದ್ದದ್ದು ಗೂಡಿನ ಒಳಗೆ ಆ ಗೋಡೆಯ ಕಡೆಗೇ. ಪಕ್ಕದ ಮನೆಯ ನಾಯಿಯನ್ನು ರಾತ್ರಿ ಕಟ್ಟಿಹಾಕುತ್ತಾರೆ ಎಂಬುದು ಇವರಿಗೂ ಗೊತ್ತಿತ್ತು. ಸಿಟ್ಟಿನಲ್ಲಿ ಅದು ನೆನಪಿಗೆ ಬಂದಿರಲಿಲ್ಲ. ಯಜಮಾನರು ಪೊಟ್ಟಣವನ್ನು ಒಳಗಿಟ್ಟು, ಒಂದು ರಾತ್ರಿ ಬೂದಿ ಹಾಕಿ ನೋಡಲು ಒಪ್ಪಿದರು. ಮರುದಿನ ಬೆಳಿಗ್ಗೆ ಫೋನಿನಲ್ಲಿ ಬಂದ ಫೋಟೋದಲ್ಲಿ ಐದು ಬೆರಳಿನ ಹೆಜ್ಜೆ ಗೋಡೆಯಿಂದ ಇಳಿದು ಬಂದಿತ್ತು, ಮತ್ತೆ ಗೋಡೆಗೇ ಹತ್ತಿತ್ತು. ಕೊಟ್ಟಿಗೆಯ ಅಟ್ಟಕ್ಕೆ ಏಣಿ ಇಟ್ಟು ನೋಡಿದಾಗ ಹುಲ್ಲಿನ ಹೊರೆಯ ಹಿಂದೆ ಹಣ್ಣಿನ ಬೀಜ ತುಂಬಿದ ಹಿಕ್ಕೆಯ ಗುಡ್ಡೆ ಸಿಕ್ಕಿತು. ಕಬ್ಬೆಕ್ಕು. ಹಸುವಿನ ತಲೆಯ ಮೇಲೆಯೇ ಸಂಸಾರ ಹೂಡಿತ್ತು.

ಗೂಡನ್ನು ಗೋಡೆಯಿಂದ ನಾಲ್ಕಡಿ ಈಚೆಗೆ ಎಳೆದು, ದಬ್ಬೆಯ ಮೇಲೆ ಜಾಲರಿ ಹೊಡೆದರು. ಕಬ್ಬೆಕ್ಕು ಇನ್ನೂ ಅಟ್ಟದಲ್ಲೇ ಇದೆಯಂತೆ; ಇಲಿ ಕಡಿಮೆಯಾಗಿವೆ ಎಂದು ಯಜಮಾನರು ಹೇಳಿದರು. ಎರಡು ತಿಂಗಳ ಮೇಲೆ ಅದೇ ಸಂಘಕ್ಕೆ ಹೋಗಿದ್ದಾಗ ಆ ತಾಯಿಯೂ ಪಕ್ಕದ ಮನೆಯಾಕೆಯೂ ಹಾಲಿನ ಸಾಲಿನಲ್ಲಿ ಹಿಂದೆ ಮುಂದೆ ನಿಂತಿದ್ದರು. ಮಾತು ಶುರುವಾಗಿತ್ತೋ ಇಲ್ಲವೋ ನಾನು ಕೇಳಲಿಲ್ಲ. ಕೋಳಿ ಎಷ್ಟಿವೆ ಎಂದು ಮಾತ್ರ ಕೇಳಿದೆ. “ಹನ್ನೊಂದು, ನಿನ್ನೆ ಸಂಜೆ ಎಣಿಸಿದ್ದು” ಎಂದರು.